ಮಾತಿಗೆಷ್ಟು ವ್ಯಾಟ್

ಮೇ 10, ಶನಿವಾರ

ಹುಬ್ಬಳ್ಳಿ ಆಸ್ಪತ್ರೆಯಿಂದ ಕುಬಿಹಾಳಕ್ಕೆ ಮರಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ಬಾಜು ಮನೆಯ ಮಡಿವಾಳೆಪ್ಪ ಕಾಕಾ ನನ್ನನ್ನೂ ನಮ್ಮ ಯಜಮಾನರನ್ನೂ ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಂದರು. ಇವರನ್ನು ಮಗುವಿನ ಹಾಗೆ ಎತ್ತಿ ಮಂಚದ ಮೇಲೆ ಮಲಗಿಸಿದವರೂ ಅವರೇ.

ಬಹಳ ದಿನದಿಂದ ಏನೂ ಬರೆದಿರಲಿಲ್ಲ. ಇವತ್ತು ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನಿಸುತ್ತಿದೆ, ಹೇಳಲು ಯಾರೂ ಇಲ್ಲ. ಕನ್ನಡದಲ್ಲಿ ಬರೆದರೆ ಅತ್ತೆಗೆ ಓದಲು ಬರುವುದಿಲ್ಲ.

ಆಸ್ಪತ್ರೆಯ ಹುಡುಗಿ ಕೂಗಿದಳು: “ಸಲೀಮ್, ನಲವತ್ತಾರು ವರ್ಷ. ಜೋಡಿ ಯಾರ ಬಂದೀರಿ?” ನಾನು ಎದ್ದು ನಿಂತೆ. “ಹೆಂಡತಿರಿ. ನಸ್ರೀನ್.” ಡಾಕ್ಟರು ಇವರ ಎದೆಗೆ ಕಿವಿಗೊಟ್ಟು, ಚೀಟಿ ನೋಡಿ, ಇವರ ಎದುರಿಗೇ ಹೇಳಿದರು. ನರಗಳು ಒಂದೊಂದಾಗಿ ಸೋಲುವ ಈ ಕಾಯಿಲೆ ಈಗ ಉಸಿರಿಗೆ ಬಂದಿದೆ. ಮಲಗುವಾಗ ಮುಖಕ್ಕೆ ಹಾಕುವ ಮಾಸ್ಕು ಇನ್ನು ಹೆಚ್ಚು ಕಾಲ ಸಾಕಾಗದು. ಆಮೇಲೆ ಗಂಟಲಲ್ಲಿ ತೂತು ಮಾಡಿ ಪೈಪ್ ಹಾಕಿ, ಹಗಲೂ ರಾತ್ರಿ ದೊಡ್ಡ ಮಷಿನ್ನಿನ ಮೇಲೆ ಇಡಬೇಕು. ಬೇಡ ಅಂದರೆ ಬೇಡ. “ಏನು ಮಾಡಬೇಕು ಅಂತ ಅವರೇ ಹೇಳಲಿ. ಹೇಳೋ ಶಕ್ತಿ ಇದ್ದಾಗಲೇ ಕೇಳಿಕೊಳ್ಳಿ.”

ಇವರಿಗೆ ಉತ್ತರ ಕೊಡಲು ಆಗಲಿಲ್ಲ. ಇವರ ಬಾಯಾಗಿ ಮಾತಾಡುವ ಲ್ಯಾಪ್‌ಟಾಪು ಗಾಡಿಯಲ್ಲೇ ಉಳಿದಿತ್ತು. ತಂದುಕೊಡಲೇ ಎಂದು ಕಾಕಾ ಕೇಳಿದಾಗ ನಾನೇ “ಈಗ ಬ್ಯಾಡ್ರಿ, ಹೊತ್ತಾಗ್ತದ” ಎಂದೆ.

ಉತ್ತರ ನನಗೆ ಗೊತ್ತಿದೆ. ಕುಂದಗೋಳದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾಗ ಕೆಟ್ಟು ಮುಗಿದ ಮಷಿನ್ ಬಂದರೆ ಇವರು ಒಂದೇ ಮಾತು ಹೇಳುತ್ತಿದ್ದರು, “ಸಾಕು, ಇದನ್ನ ಬಿಟ್ಟಬಿಡ್ರಿ.”

ಮೇ 12, ಸೋಮವಾರ

ಮಧ್ಯಾಹ್ನ ಗಾಳಿ ಎದ್ದು, ಮಳೆ ಬರುವ ಮೊದಲೇ ಸಿಡಿಲು ಬಂತು. ಊರ ಬಾಗಿಲಿನ ಟ್ರಾನ್ಸ್‌ಫಾರ್ಮರಿಗೆ ಬಡಿದ ಸದ್ದಿಗೆ ಮನೆಯ ತಗಡು ನಡುಗಿತು. ಸಂಜೆ ಲೈನ್‌ಮನ್ ಬಂದು ನೋಡಿ, ಕಂಬಗಳು ಸಾಲುಸಾಲಾಗಿ ಹೊಲದಲ್ಲಿ ಮಲಗಿವೆ, ಈ ವಾರ ಕರೆಂಟಿನ ಆಸೆ ಬಿಡ್ರಿ ಎಂದ.

ನಮ್ಮ ಇನ್ವರ್ಟರಿನ ಬ್ಯಾಟರಿ ಹಳೆಯದು. ಅದರ ಮೇಲೆಯೇ ಮಾಸ್ಕಿಗೆ ಗಾಳಿ ಕೊಡುವ ಇವರ ಉಸಿರಿನ ಮಷಿನ್ನು, ಅದರ ಮೇಲೆಯೇ ಲ್ಯಾಪ್‌ಟಾಪು. ಇವರ ಮೈಯಲ್ಲಿ ಈಗ ಮಾತು ಕೇಳುವುದು ಕಣ್ಣು ಮತ್ತು ಬಲಗೈ ಹೆಬ್ಬೆರಳು ಮಾತ್ರ. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತವೆ, ಬೇಕಾದ ಅಕ್ಷರ ಬಂದಾಗ ಹೆಬ್ಬೆರಳಿನಿಂದ ಮೌಸ್ ಒತ್ತುತ್ತಾರೆ. ಕೂಡಿಸಿದ್ದನ್ನು ಲ್ಯಾಪ್‌ಟಾಪು ಒಂದೇ ಸಮನೆಯ ದನಿಯಲ್ಲಿ ಓದುತ್ತದೆ. ಮೊದಲು ನಾವು ಮನೆಯಲ್ಲಿ ಆಡುತ್ತಿದ್ದುದು ಉರ್ದು. ಅದರ ಉರ್ದು ದನಿ ಅತ್ತೆಗೆ ಒಂದಕ್ಷರ ತಿಳಿಯಲಿಲ್ಲ, ಕನ್ನಡದ್ದು ತಿಳಿಯಿತು. ಅಂದಿನಿಂದ ಮೂವರೂ ಕನ್ನಡ.

“ಆಸ್ಪತ್ರಿಗೆ ಹೋಗೂಣೇನ್ರಿ?” ಎಂದೆ.

“ಬ್ಯಾಡ” ಎಂದಿತು ದನಿ.

ಹೋದ ವರ್ಷ ಐಸಿಯುದಲ್ಲಿ ಇಟ್ಟಾಗ ಲ್ಯಾಪ್‌ಟಾಪನ್ನು ಒಳಗೆ ಬಿಟ್ಟಿರಲಿಲ್ಲ. ಇವರು ಯಾರಿಗೂ ಏನೂ ಹೇಳಲಾಗದೆ ಕಣ್ಣಲ್ಲಿ ನೀರು ಹಾಕುತ್ತಾ ಬಿದ್ದಿದ್ದರು. ಈಗ ಹೋದರೆ ಕೇಳದೆಯೇ ಪೈಪ್ ಹಾಕಿಬಿಡುತ್ತಾರೆಂದು ಬೇಡ ಅನ್ನುತ್ತಿದ್ದಾರೆ. ನನಗೆ ತಿಳಿಯುವುದಿಲ್ಲವೇ.

ಸ್ವಲ್ಪ ಹೊತ್ತಿಗೆ ದನಿ ಮತ್ತೆ ಬಂತು. “ಅಳಿ.”

ಅಳಿಯುವುದೇ? ಯಾರು? ಹೆಬ್ಬೆರಳು ಒತ್ತುತ್ತಲೇ ಇತ್ತು. “ವ್ಯಾಟ್ ಅಳಿ.” ಅಳೆ, ಅಂದರೆ ಅಳತೆ ಮಾಡು ಎನ್ನುವುದನ್ನು ಇವರು ಮಾತನಾಡುವ ಹಾಗೆಯೇ ಬರೆದಿದ್ದರು. ನಾನು ನೆಲದ ಮೇಲೆ ಕೂತುಬಿಟ್ಟೆ.

ಮೇ 13, ಮಂಗಳವಾರ

ಇಷ್ಟು ವರ್ಷದಲ್ಲಿ ಇವರ ಕಂಪ್ಯೂಟರನ್ನು ಒರೆಸುವ ಕೆಲಸ ಬಿಟ್ಟು ಬೇರೇನೂ ನಾನು ಮಾಡಿದವಳಲ್ಲ. ಇವತ್ತು ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆಸಿದರು. ಬಟನ್ನಿಲ್ಲ, ಚಿತ್ರವಿಲ್ಲ, ಒಂದು ಬಿಳಿ ಗೆರೆ ಮಾತ್ರ ಮಿಣುಕುತ್ತಾ ಕಾಯುತ್ತದೆ. ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ. ಇವರು ಒಂದೊಂದೇ ಅಕ್ಷರ ಹೇಳಿದರು, ನಾನು ಒಂದೊಂದೇ ಒತ್ತಿದೆ. ತಪ್ಪು ಒತ್ತಿದರೆ ಏನಾದರೂ ಸುಟ್ಟೀತು ಎಂದು ಬೆರಳು ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ.

ಮೊದಲು ಚಾರ್ಜರ್ ತೆಗೆಯಬೇಕು. ಲ್ಯಾಪ್‌ಟಾಪು ತನ್ನ ಹೊಟ್ಟೆಯ ಬ್ಯಾಟರಿಯ ಮೇಲೆ ನಡೆದಾಗ ಮಾತ್ರ ಅದು ಎಷ್ಟು ತಿನ್ನುತ್ತದೆ ಎಂದು ತಿಳಿಯುವುದು. ಆಮೇಲೆ ‘ಪವರ್‌ಟಾಪ್’ ಎಂಬ ಆಜ್ಞೆ. ಪರದೆಯ ತುಂಬ ಪಟ್ಟಿ ಬಂತು, ಯಾವುದು ಎಷ್ಟು ಕರೆಂಟು ತಿನ್ನುತ್ತಿದೆ ಎಂದು. ತಲೆಯ ಮೇಲೆ ಒಟ್ಟು ಲೆಕ್ಕ: ಹದಿನಾರು ವ್ಯಾಟ್.

“ಮಷಿನ್ನೂ ಅಷ್ಟ” ಎಂದರು ಇವರು. ಉಸಿರಿನ ಮಷಿನ್ನಿನಲ್ಲಿ ನೀರು ಬಿಸಿ ಮಾಡುವ ಡಬ್ಬಿಯನ್ನು ಬಂದ್ ಮಾಡಿದರೆ ಅದೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದಂತೆ. ಮಾತಿಗೂ ಉಸಿರಿಗೂ ಒಂದೇ ಖರ್ಚು. ಮಾತಾಡಿದಷ್ಟೂ ಉಸಿರಿನ ಪಾಲು ಕಡಿಮೆ. ಇದನ್ನು ಇವರು ಎಷ್ಟು ಆರಾಮಾಗಿ ಹೇಳಿದರು!

ಪರದೆಯ ಬೆಳಕು ಇಳಿಸುವ ಆಜ್ಞೆ ಕೊಟ್ಟೆ. ಹನ್ನೆರಡಾಯಿತು. ವೈಫೈ, ಬ್ಲೂಟೂತ್ ಎರಡನ್ನೂ ಬಂದ್ ಮಾಡುವ ಆಜ್ಞೆಯ ಹೆಸರಿನಲ್ಲಿ ‘ಕಿಲ್’ ಇದೆ. ಕಿಲ್ ಅಂದರೆ ಕೊಲ್ಲು. ಅದನ್ನು ಒತ್ತದೆ ಸುಮ್ಮನೆ ಕೂತೆ. ಇವರ ಮೂಗಿನಿಂದ ಪುಸುಪುಸು ಗಾಳಿ ಬಂತು. ಈಗ ಇವರ ನಗು ಎಂದರೆ ಅದೇ. “ಯಾರೂ ಸಾಯೂದಿಲ್ಲ. ಒತ್ತು.” ಒತ್ತಿದೆ. ಹತ್ತಾಯಿತು.

ಕಾಕಾ ಬಂದು ಹೊಸ್ತಿಲಲ್ಲೇ ಕೂತು ಹೇಳಿದರು, “ಯವ್ವಾ, ನನ್ನ ಟ್ರ್ಯಾಕ್ಟರ್ ಬ್ಯಾಟರಿ ತಂದು ಇಡತೀನಿ. ನಿಮ್ಮದನ್ನ ಗಾಡ್ಯಾಗ ಹಾಕ್ಕೊಂಡು ಕುಂದಗೋಳದಾಗ ಚಾರ್ಜಿಗೆ ಹಚ್ಚಿ ತರತೀನಿ. ದಿನಾ ಹಂಗ ಮಾಡೂಣು.” ಅತ್ತೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಅವರು ಹೋದ ಮೇಲೆ ಇವರು ಏನೋ ಬರೆಯಲು ಶುರು ಮಾಡಿದರು. “ಡಾಕ್ಟ” ಎಂಬಲ್ಲಿಗೆ ಬಂದಿತ್ತು. ಬ್ಯಾಟರಿ ಉಳಿಸಬೇಕು, ನಾಳೆ ಮಾತಾಡೂಣು ಎಂದು ಮುಚ್ಚಿದೆ. ಉಳಿಸಲೇಬೇಕಲ್ಲ.

ಮೇ 14, ಬುಧವಾರ



ಬೆಳಿಗ್ಗೆ ಇವರು ಮಾಸ್ಕು ಹಾಕಿಕೊಂಡು ಮಲಗಿದ್ದರು. ಪವರ್‌ಟಾಪಿಗೆ ತಾನೇ ಎಲ್ಲವನ್ನೂ ಸರಿಮಾಡಿಕೊಳ್ಳುವ ಒಂದು ಆಜ್ಞೆ ಇದೆ, ‘ಆಟೋ ಟ್ಯೂನ್’. ಅದರ ಸಹಾಯದ ಪುಟದಲ್ಲಿ ಕಂಡಿತ್ತು. ಇವರು ಏಳುವುದರೊಳಗೆ ಇನ್ನೂ ಇಳಿಸಿ ತೋರಿಸೋಣ ಎಂದು ನಾನೇ ಅದನ್ನು ಟೈಪ್ ಮಾಡಿದೆ. ಏಳು ವ್ಯಾಟಿಗೆ ಬಂತು. ಖುಷಿಯಾಯಿತು ನನಗೆ.

ಇವರು ಎದ್ದರು. ಅಕ್ಷರಗಳು ಬೆಳಗುತ್ತಾ ಹೋದವು. ಹೆಬ್ಬೆರಳು ಒತ್ತಿತು. ಯಾವ ಅಕ್ಷರವೂ ನಿಲ್ಲಲಿಲ್ಲ. ಮತ್ತೆ ಒತ್ತಿತು. ಇಲ್ಲ. ಸಾಲು ಮುಗಿದು ಮೊದಲಿನಿಂದ ಬಂತು, ಇಲ್ಲ.

ಹೆಬ್ಬೆರಳು ಹೋಯಿತು ಅಂದುಕೊಂಡೆ. ಎಡಗೈ ಹೀಗೆಯೇ ಹೋಗಿತ್ತು, ಒಂದು ಬೆಳಿಗ್ಗೆ. ಕುತ್ತಿಗೆಯೂ ಹೀಗೆಯೇ. ಇವರ ಕೊನೆಯ ಬೆರಳು, ಕೊನೆಯ ಮಾತು ಹೋಯಿತು, ಇನ್ನು ಇವರು ಒಳಗೇ ಉಳಿದರು. ನಾನು ಆ ಬೆರಳನ್ನು ತಿಕ್ಕಿದೆ, ಎಣ್ಣೆ ಹಚ್ಚಿದೆ, ಬಾಯಲ್ಲಿ ಊದಿದೆ. ಅತ್ತೆ “ಯಾ ಅಲ್ಲಾ” ಎನ್ನುತ್ತಾ ಗೋಡೆಗೆ ಆತುಕೊಂಡರು. ಇವರ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ಕೆಳಗೆ ಮೌಸನ್ನೇ ನೋಡುತ್ತಿತ್ತು. ಎಷ್ಟು ಹೊತ್ತಾದ ಮೇಲೋ ನನಗೆ ಅದು ತಿಳಿಯಿತು. ಮೌಸ್ ಎತ್ತಿ ತಿರುಗಿಸಿದೆ. ಹೊಟ್ಟೆಯಲ್ಲಿನ ಕೆಂಪು ದೀಪ ಆರಿತ್ತು.

ಬೆರಳು ಸರಿಯಿತ್ತು. ನಾನೇ ಮೌಸನ್ನು ಮಲಗಿಸಿದ್ದೆ. ಕರೆಂಟು ಉಳಿಸಲು ಲ್ಯಾಪ್‌ಟಾಪು ಅದರ ಕಣ್ಣು ಮುಚ್ಚಿಸಿತ್ತು.

ಎಬ್ಬಿಸುವುದು ಹೇಗೆಂದು ಗೊತ್ತಿದ್ದವರು ಇವರೊಬ್ಬರೇ, ಅವರಿಗೆ ಹೇಳಲು ಬಾಯಿಲ್ಲ. ಪವರ್‌ಟಾಪ್ ಮತ್ತೆ ತೆರೆದೆ. “ನಾ ಒಂದೊಂದ ಸಾಲ ಓದತೀನ್ರಿ. ಯಾವದು ಹೌದೋ ಅದಕ್ಕ ಕಣ್ಣು ಮುಚ್ಚರಿ.” ಪರದೆಯ ಮೇಲ್ತುದಿಯಲ್ಲಿದ್ದ ಪುಟಗಳ ಹೆಸರು ಓದಿದೆ, ಕೊನೆಯ ಕಡೆಗಿದ್ದ ಒಂದಕ್ಕೆ ಕಣ್ಣು ಮುಚ್ಚಿದರು. ಅಲ್ಲಿ ಸಾಲುಗಳ ಮುಂದೆ ‘ಗುಡ್’, ‘ಬ್ಯಾಡ್’ ಎಂದು ಬರೆದಿತ್ತು. ಕರೆಂಟು ಉಳಿಸುವುದು ಗುಡ್, ತಿನ್ನುವುದು ಬ್ಯಾಡ್. ಈಗ ಎಲ್ಲವೂ ಗುಡ್ ಆಗಿದ್ದವು. ಓದುತ್ತಾ ಹೋದೆ. ಇಂಗ್ಲಿಷು ನನ್ನ ನಾಲಿಗೆಯಲ್ಲಿ ತೊದಲುತ್ತಿತ್ತು. ಮೌಸ್ ಎಂಬ ಪದವಿದ್ದ ಸಾಲಿಗೆ ಇವರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ಎಂಟರ್ ಒತ್ತಿದೆ. ಗುಡ್ ಹೋಗಿ ಬ್ಯಾಡ್ ಆಯಿತು, ಕೆಂಪು ದೀಪ ಹತ್ತಿತು.

ದನಿ ಮೊದಲು ಹೇಳಿದ್ದು: “ಅಳಬ್ಯಾಡ.”

ಅಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಮೇ 15, ಗುರುವಾರ

ಮೌಸ್ ಎಚ್ಚರವಿದ್ದು ಎಂಟು ವ್ಯಾಟ್.

ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಮಾತ್ರ ಲ್ಯಾಪ್‌ಟಾಪು ಎಂದು ಕಟ್ಟು ಹಾಕಿದ್ದೇನೆ. ನೀರು, ಕಫ, ಮಗ್ಗುಲು, ಇವಕ್ಕೆ ಕಣ್ಣಿನ ಸನ್ನೆ ಸಾಕು. ಸಂಜೆ ಇವರು ಬರೆದದ್ದು “ಪೈಪ”. ಅಲ್ಲಿಗೇ ಬ್ಯಾಟರಿ ನೂರಕ್ಕೆ ಮೂವತ್ತು ಉಳಿದಿತ್ತು. ಮುಚ್ಚಿದೆ.

ಮೇ 17, ಶನಿವಾರ

ನಿನ್ನೆಯಿಂದ ಜಡಿಮಳೆ. ಕಾಕಾ ಬೆಳಿಗ್ಗೆ ನಮ್ಮ ಬ್ಯಾಟರಿ ಒಯ್ದವರು ಮಧ್ಯಾಹ್ನವಾದರೂ ಬರಲಿಲ್ಲ. ಫೋನು ಹತ್ತಲಿಲ್ಲ. ಇವರಿಗೆ ಬೆಳಿಗ್ಗೆಯಿಂದಲೇ ಉಸಿರು ಕಷ್ಟವಾಗಿ ಮಾಸ್ಕು ತೆಗೆದಿರಲಿಲ್ಲ. ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೆ ಉಸಿರು, ಅದರ ಮೇಲೆಯೇ ಮಾತು. ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಇನ್ವರ್ಟರು ಕೂಗತೊಡಗಿತು. ಮೊದಲು ತಡೆದು ತಡೆದು, ಆಮೇಲೆ ಬಿಡದೆ. ಅತ್ತೆ ಕೊಡೆಯಿಲ್ಲದೆ ಮಳೆಯಲ್ಲಿ ರಸ್ತೆಗೆ ಹೋಗಿ ನಿಂತರು.

“ಚಾರ್ಜರ್ ತೆಗಿ” ಎಂದಿತು ದನಿ.

“ತೆಗದರ ಇದು ಬಂದ್ ಆಗ್ತದ್ರಿ. ನೀವು ಹೆಂಗ ಕರೀತೀರಿ ನನ್ನ?”

“ತೆಗಿ.”

ಆಗಲಿಲ್ಲ ನನ್ನ ಕೈಲಿ. ಆ ತಂತಿ ಹಿಡಿದು ನಿಂತೇ ಇದ್ದೆ. ಇವರ ಕಣ್ಣು ನನ್ನನ್ನು ಬಿಟ್ಟು ಪರದೆಯ ಕಡೆ ತಿರುಗಿತು. ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಕೂತವು. ಪವರ್‌ಆಫ್ ಎಂದು ಓದಿಕೊಳ್ಳುವಷ್ಟರಲ್ಲಿ ಪರದೆ ಆರಿತು. ತಮ್ಮ ಮಾತನ್ನು ತಾವೇ ಆರಿಸಿಕೊಂಡರು. ನಾನು ಚಾರ್ಜರ್ ಕಿತ್ತೆ.

ಆಮೇಲೆ ಮಷಿನ್ನಿನ ಉಸಿರು, ಇನ್ವರ್ಟರಿನ ಕೂಗು, ಮಳೆ. ಇವರ ಎದೆಯ ಮೇಲೆ ಕೈಯಿಟ್ಟು ಕೂತೆ. ಒಂದೊಂದು ಸಲ ಎದೆ ಏಳುವಾಗಲೂ ಇದೇ ಕೊನೆಯದಿರಬಹುದು ಅನಿಸುತ್ತಿತ್ತು. ನಾನು ಏನು ಮಾಡಲಿ, ಬಾಯಿಂದ ಊದಲೇ? ಯಾರನ್ನು ಕರೆಯಲಿ? ಇವರು ಕಣ್ಣು ಮುಚ್ಚಿ ಬರೀ ಉಸಿರಾಡುವ ಕೆಲಸ ಮಾಡುತ್ತಿದ್ದರು, ಭಾರ ಹೊತ್ತವನು ದಿಬ್ಬ ಏರುವ ಹಾಗೆ.

ಗಾಡಿಯ ಹಾರ್ನು ಕೇಳಿತು. ಕಾಕಾ ಮೊಣಕಾಲಿನ ತನಕ ಕೆಸರಾಗಿ, ಬ್ಯಾಟರಿಯನ್ನು ಎದೆಗವಚಿಕೊಂಡು ಓಡಿ ಬಂದರು. “ಎರಿ ಮಣ್ಣಾಗ ಗಾಲಿ ಹುಗದಬಿಟ್ಟಿತ್ರಿ. ಇದ್ದಾನಿಲ್ಲೋ?”

“ಇದ್ದಾರ್ರಿ” ಎಂದೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ತಂತಿ ಬಿಚ್ಚಿ ಇದಕ್ಕೆ ಕಟ್ಟಿದೆ. ಕೆಂಪು ಯಾವುದು, ಕಪ್ಪು ಯಾವುದು ಎಂದು ಕಾಕಾ ಕೇಳುವುದರೊಳಗೆ ಮುಗಿದಿತ್ತು.

ಇವರು ತಮ್ಮ ಮಾತನ್ನು ಹಾಗೇಕೆ ಆರಿಸಿದರು? ದಿನಾ ನಾನು ಮುಚ್ಚಿಬಿಡುತ್ತೇನೆಂದು ಸಿಟ್ಟೇ?

ಮೇ 18, ಭಾನುವಾರ

ಸಂಜೆ ಕರೆಂಟು ಬಂತು. ಓಣಿಯ ಮಕ್ಕಳು ಕೂಗಿದ ಕೂಗಿಗೆ ಮೊದಲು ಹೆದರಿದೆ. ನೀರು ಕಾಯಿಸಿ ಇವರ ಮೈ ಒರೆಸಿದೆ. ಹಾಸಿಗೆ ಬದಲಿಸಿದೆ. ಒಗೆಯುವುದು ಬೆಟ್ಟದಷ್ಟಿತ್ತು. ಮಾತಾಡಲು ಹೊತ್ತು ಸಿಗಲಿಲ್ಲ.

ಮೇ 19, ಸೋಮವಾರ

ಲ್ಯಾಪ್‌ಟಾಪು ಎಂಟು ವ್ಯಾಟಿನಲ್ಲೇ ಇರಲಿ, ಕರೆಂಟು ಮತ್ತೆ ಹೋಗಬಹುದು ಎಂದು ಕಟ್ಟು ಸಡಿಲಿಸಿರಲಿಲ್ಲ. ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ತೆಗೆಯುತ್ತಾ ಅತ್ತೆ ತಲೆಯೆತ್ತದೆ ಕೇಳಿದರು.

“ನಸ್ರೀನ್, ಅಂವನ ಮಾತು ಇಷ್ಟ ಉಳಿಸಿಟ್ಟಿಯಲ್ಲ, ಯಾವಾಗ ಖರ್ಚ ಮಾಡ್ತಿ ಬೇ?”

“ಕರೆಂಟಿನ ಭರವಸೆ ಇಲ್ಲರಿ ಅಮ್ಮಿ.”

“ಕರೆಂಟಿಂದಲ್ಲ ನಾ ಕೇಳಿದ್ದು” ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ವಯಸ್ಸಾದವರು. ಅವರಿಗೆ ವ್ಯಾಟಿನ ಲೆಕ್ಕ ಹೇಗೆ ತಿಳಿಯಬೇಕು.



ಮೇ 20, ಮಂಗಳವಾರ

ಬೆಳಿಗ್ಗೆ ಹಾಸಿಗೆ ಸರಿಮಾಡಿ, ಚಾರ್ಜರ್ ಹಚ್ಚಿ, ಪರದೆಯ ಬೆಳಕು ಪೂರ್ತಿ ಏರಿಸಿದೆ. ಇವರ ಮುಖದ ಮೇಲೆಲ್ಲ ಬೆಳಕು ಬಿತ್ತು. ಎಷ್ಟು ಇಳಿದುಹೋಗಿದ್ದಾರೆ.

“ಹೇಳ್ರಿ” ಎಂದೆ.

ಹೆಬ್ಬೆರಳು ಶುರು ಮಾಡಿತು. ಇವರು ಬರೆಯುವಾಗ ಅರ್ಧ ಪದಕ್ಕೇ ಉಳಿದರ್ಧ ನಾನು ಹೇಳಿಬಿಡುವುದು ರೂಢಿ, ಇವರಿಗೆ ಶ್ರಮ ತಪ್ಪಲಿ ಎಂದು. ಇವತ್ತು ತುಟಿ ಕಚ್ಚಿಕೊಂಡೆ. ‘ಪೈಪ್’ ಬಂತು. ಆಮೇಲೆ ‘ಹಾ’. ಆಮೇಲೆ ‘ಕ’. ಹಾಕಬ್ಯಾಡ ಎಂದು ನನ್ನ ತಲೆಯೊಳಗೆ ಯಾರೋ ಬಡಿಯುತ್ತಿದ್ದರು. ಅಕ್ಷರಗಳು ಬೆಳಗುತ್ತಾ ‘ಬ’ಕ್ಕೆ ಬಂದವು. ಎದ್ದು ಓಡಿಹೋಗಬೇಕು ಅನಿಸಿತು. ‘ಬ’ ದಾಟಿತು. ಹೆಬ್ಬೆರಳು ಅಲುಗಲಿಲ್ಲ. ‘ಮ’ ದಾಟಿತು, ‘ಯ’, ‘ರ’. ‘ಸ’ದ ಮೇಲೆ ಒತ್ತಿತು.

“ಪೈಪ್ ಹಾಕಸೂಣು.”

ನನಗೆ ತಿಳಿಯಲಿಲ್ಲ. “ಏನಂದ್ರಿ?” ಎಂದೆ. ಅದೇ ಮಾತನ್ನು ದನಿ ಇನ್ನೊಮ್ಮೆ ಓದಿತು.

“ಇನ್ನಷ್ಟು ದಿನ ಇರಬೇಕು ಅನಸ್ತದ” ಎಂದು ಬರೆದರು. ಬಹಳ ಹೊತ್ತು ಹಿಡಿಯಿತು. ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. “ಮೊದಲ ದಿನದಿಂದ ಹೇಳಬೇಕಂತಿದ್ದೆ.”

ಮೊದಲ ದಿನದಿಂದ. ಮೊನ್ನೆ ಶನಿವಾರ ಲ್ಯಾಪ್‌ಟಾಪು ಆರಿಸಿ, ಕಣ್ಣು ಮುಚ್ಚಿ, ಅಷ್ಟು ಕಷ್ಟಪಟ್ಟು ಉಸಿರಾಡುತ್ತಿದ್ದವರು. ನಾನು ಅದನ್ನು ಸಿಟ್ಟು ಎಂದುಕೊಂಡಿದ್ದೆ.

ಹೆಬ್ಬೆರಳು ನಿಂತಿರಲಿಲ್ಲ. “ಹಗಲು ರಾತ್ರಿ ನೋಡಬೇಕು. ನಿನಗ ಆಗ್ತದೇನು? ಆಗೂದಿಲ್ಲ ಅಂದರ ಬ್ಯಾಡ. ಖರೇ ಹೇಳು.”

ಹೂಂ ಎನ್ನಲು ಹೋದೆ. ಖರೇ ಹೇಳು ಎಂದಿದ್ದರು.

“ಗೊತ್ತಿಲ್ಲರಿ” ಎಂದೆ. “ನನಗ ಭಾಳ ಹೆದರಿಕಿ ಆಗ್ತದ. ಪೈಪಿಂದೂ ಹೆದರಿಕಿ, ಮಷಿನ್ನಿಂದೂ ಹೆದರಿಕಿ. ನಾ ಮಲಗಿದಾಗ ಏನರ ಆದರ ಅಂತ ಹೆದರಿಕಿ. ನೀವು ಬ್ಯಾಡ ಅಂತೀರಿ ಅಂದ್ಕೊಂಡು ಅದಕ್ಕೂ ಹೆದರಿದ್ದೆ.”

“ನನಗೂ ಹೆದರಿಕಿ ಐತಿ” ಎಂದಿತು ದನಿ, ನೀರು ಕೇಳುವ ಅದೇ ಏರಿಳಿತವಿಲ್ಲದ ದನಿಯಲ್ಲಿ.

ಅತ್ತೆ ಬಂದು ಇವರ ಕಾಲ ಬಳಿ ಕೂತರು. “ನಾ ಇನ್ನ ಸತ್ತಿಲ್ಲ” ಎಂದರು. “ಹಗಲ ಹೊತ್ತಿಂದು ನಾ ಕಲೀತೀನಿ. ಯಾವ ಬಟನ್ ಒತ್ತಬೇಕು ಅಷ್ಟ ತೋರಸು ಬೇ.”

ಲ್ಯಾಪ್‌ಟಾಪು ಸಂಜೆಯ ತನಕ ನಡೆದೇ ಇತ್ತು. ಇವರು ಕಾಕಾನ ಗಾಡಿಯ ಬಗ್ಗೆ ಕೇಳಿದರು, ಅಂಗಡಿಯ ಹಳೆಯ ಗಿರಾಕಿಗಳ ಬಗ್ಗೆ ಕೇಳಿದರು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರು. ಎಷ್ಟು ವ್ಯಾಟ್ ಎಂದು ನೋಡಲಿಲ್ಲ.

ಮೇ 22, ಗುರುವಾರ

ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದ್ದು ಅದೇ ಹುಡುಗಿ. ಪೈಪ್ ಹಾಕಿಸಲು ಒಪ್ಪಿಗೆ ಇದೆ, ಪೇಶಂಟೇ ಹೇಳಿದ್ದಾರೆ, ಬೇಕಾದರೆ ಡಾಕ್ಟರ ಎದುರಿಗೆ ಇನ್ನೊಮ್ಮೆ ಹೇಳುತ್ತಾರೆ, ಲ್ಯಾಪ್‌ಟಾಪನ್ನು ಈ ಸಲ ಐಸಿಯು ಒಳಗೆ ಬಿಡಲೇಬೇಕು ಎಂದೆ. ಡಾಕ್ಟರನ್ನು ಕೇಳಿ ಬಂದು, ಒಳಗೆ ಬಿಡುತ್ತೇವೆ ಎಂದಳು.

“ಮನ್ಯಾಗ ಮಷಿನ್ ಯಾರು ನೋಡ್ಕೋತಾರ್ರಿ? ಗಂಡಸರು ಯಾರರ ಅದಾರೇನ್ರಿ?”

“ನಾ ನೋಡ್ಕೋತೀನ್ರಿ” ಎಂದೆ. “ಅದು ಎಷ್ಟು ವ್ಯಾಟ್ ತಿಂತದ್ರಿ? ಅದರ ಒಳಗ ಬ್ಯಾಟರಿ ಇದ್ದರ ಎಷ್ಟು ತಾಸು ಬರ್ತದ?”

ನೋಡಿ ಹೇಳುತ್ತೇನೆಂದು ಫೋನು ಇಟ್ಟು ಹೋದಳು. ಆಚೆ ಯಾರದೋ ಹೆಸರು ಕೂಗುವುದು, ಮಗುವೊಂದು ಅಳುವುದು ಕೇಳುತ್ತಿತ್ತು. ಇವರ ಕಣ್ಣು ನನ್ನ ಮೇಲಿತ್ತು. ಅವಳು ಬಂದು ಅಂಕಿ ಹೇಳಿದಳು. ನಾನು ಅಂದುಕೊಂಡದ್ದಕ್ಕಿಂತ ಬಹಳ ಜಾಸ್ತಿ. ಇನ್ನೊಮ್ಮೆ ಹೇಳಿಸಿದೆ. ಬರೆದುಕೊಂಡೆ. ಅದರ ಕೆಳಗೆ ಇನ್ವರ್ಟರು ತನಗೇ ತಿನ್ನುವುದು, ಅದರ ಕೆಳಗೆ ಲ್ಯಾಪ್‌ಟಾಪು, ಅದಕ್ಕೆ ಇಳಿಸಿದ ಎಂಟಲ್ಲ, ಬೆಳಕು ಪೂರ್ತಿ ಇದ್ದಾಗಿನ ಹದಿನಾರನ್ನೇ ಹಾಕಿ, ಕೂಡಿಸಿದೆ.